ವಿಎಂ ಒಳಗೆ ಜೆಲ್ಲಿಫಿನ್: ಮೊಬೈಲ್ ವಿಡಿಯೋ ಮಾತ್ರ ತಡವರಿಸುತ್ತಿದೆ, ವಿಎಂ ತೆಗೆದುಬಿಡಲಾ?

ಸಾಗರದವ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿನಿಂದ ಮನೆಯಲ್ಲಿ ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರಿನಿಂದ ಒಂದು ಮೀಡಿಯಾ ಸರ್ವರ್, ಅಂದರೆ ವಿಡಿಯೋ ಕೂಡಿಟ್ಟು ಟಿವಿಗೆ ಕಳಿಸುವ ವ್ಯವಸ್ಥೆ, ಇಟ್ಟುಕೊಂಡಿದ್ದೇನೆ. ಸಿನಿಮಾ ಸಂಗ್ರಹ ಅಲ್ಲ, ಪೂರ್ತಿ ನಮ್ಮ ಮನೆಯದೇ ವಿಡಿಯೋಗಳು. ಅಪ್ಪ 2001ರಿಂದ ಹ್ಯಾಂಡಿಕ್ಯಾಮ್ ಹಿಡಿದವರು. ಊರಲ್ಲಿ ಆದ ಯಕ್ಷಗಾನ, ತಾಳಮದ್ದಲೆ, ನೆಂಟರ ಮನೆ ಮದುವೆ, ಉಪನಯನ ಎಲ್ಲ ಮಿನಿ ಡಿವಿ ಟೇಪಿನಲ್ಲಿದ್ದವು, ಸುಮಾರು 130 ಟೇಪು. ಎರಡು ವರ್ಷ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿದ್ದೇನೆ. ಜತೆಗೆ ಮದುವೆ ಮನೆಗಳಿಂದ ಬಂದ ಒಂದು ಚೀಲ ವಿಸಿಡಿ, ಈಗಿನ ಮೊಬೈಲ್ ವಿಡಿಯೋಗಳು. ಒಟ್ಟು 2.3 ಟಿಬಿ ಆಗಿದೆ. ಅಪ್ಪನಿಗೆ ಈಗ ಕಂಪ್ಯೂಟರ್ ಮುಂದೆ ಕೂರುವುದು ಕಷ್ಟ. ಹಾಲಿನ ಟಿವಿಯಲ್ಲಿ ರಿಮೋಟ್ ಒತ್ತಿದರೆ ಅವರು ತೆಗೆದ ಯಕ್ಷಗಾನದ ಆಟಗಳು ಬರಬೇಕು, ಅಷ್ಟೇ ನನ್ನ ಆಸೆ.

ಕಂಪ್ಯೂಟರ್ ಐ5, 4ನೇ ಜನರೇಷನ್, ನಾಲ್ಕು ಕೋರ್, 8 ಜಿಬಿ ರ್ಯಾಮ್, ವಿಂಡೋಸ್ 10. ಅದರಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಲ್ಪಿತ ಕಂಪ್ಯೂಟರ್, ಅಂದರೆ ವಿಎಂ, ನಡೆಸುವ ಸಾಫ್ಟ್‌ವೇರ್), ಅದರೊಳಗೆ ಡೆಬಿಯನ್ ಲಿನಕ್ಸ್, ಅದರೊಳಗೆ ಜೆಲ್ಲಿಫಿನ್. ವಿಎಂಗೆ 2 ಕೋರ್, 3 ಜಿಬಿ ಕೊಟ್ಟಿದ್ದೇನೆ. ಅದೇ ಕಂಪ್ಯೂಟರಿನಲ್ಲಿ ಹೆಂಡತಿ ಅಂಗಡಿ ಲೆಕ್ಕ ಬರೆಯುತ್ತಾಳೆ, ನಾನು ಏನೋ ಕೈಯಾಡಿಸಿ ಅದು ಹಾಳಾಗಬಾರದು ಅಂತಲೇ ವಿಎಂ ಮಾಡಿಕೊಂಡೆ.

ಶುರುವಿನಲ್ಲಿ ಟಿವಿಗೆ ಸರ್ವರ್ ಕಾಣಿಸುತ್ತಲೇ ಇರಲಿಲ್ಲ. ಆಮೇಲೆ ನೆಟ್‌ವರ್ಕನ್ನು ನ್ಯಾಟ್‌ನಿಂದ (ವಿಎಂ ಕಂಪ್ಯೂಟರಿನ ಹಿಂದೆ ಅಡಗಿರುವುದು) ಬ್ರಿಡ್ಜ್‌ಗೆ (ವಿಎಂ ನೇರ ಮನೆಯ ನೆಟ್‌ವರ್ಕಿಗೆ ಸೇರುವುದು) ಬದಲಾಯಿಸಿದ ಮೇಲೆ ವಿಎಂಗೆ ರೌಟರ್‌ನಿಂದಲೇ ಐಪಿ ಬಂತು, ಸರಿಹೋಯಿತು. ಈಗಿನ ತೊಂದರೆ ಬೇರೆ. ಹಳೇ ಟೇಪಿನ ವಿಡಿಯೋ ಚೆನ್ನಾಗಿ ಓಡುತ್ತದೆ. ವಿಸಿಡಿಯದೂ ಓಡುತ್ತದೆ. ಆದರೆ ತಂಗಿ ಐಫೋನಿನಲ್ಲಿ ತೆಗೆದು ಕಳಿಸಿದ 4ಕೆ ವಿಡಿಯೋ ಹಾಕಿದರೆ ಮೂರು ಸೆಕೆಂಡ್ ಓಡಿ ಐದು ಸೆಕೆಂಡ್ ಚಕ್ರ ತಿರುಗುತ್ತದೆ, ಸಿಪಿಯು ನೂರಕ್ಕೆ ನೂರು, ಫ್ಯಾನ್ ಸದ್ದು ಅಡುಗೆಮನೆವರೆಗೆ ಕೇಳುತ್ತದೆ.

ಇದು ವಿಎಂನ ತಪ್ಪಾ? ವಿಎಂ ತೆಗೆದು ನೇರವಾಗಿ ವಿಂಡೋಸಿನಲ್ಲೇ ಹಾಕಿದರೆ ಸರಿಹೋಗುತ್ತದಾ? ಬೇರೆ ಮಷೀನ್ ತಗೊಳ್ಳುವುದಾದರೆ ಯಾವುದು, ಅದರಲ್ಲೂ ವಿಎಂ ಮಾಡಬೇಕಾ ಬೇಡವಾ? ಬೆಂಗಳೂರಿನಲ್ಲಿರುವ ತಂಗಿಯೂ ನೋಡುವ ಹಾಗೆ ಆದರೆ ಇನ್ನೂ ಸಂತೋಷ.

---

ಬೈಟ್‌ಕಟ್ಟೆ

ಸರ್, 130 ಟೇಪು ಇಳಿಸಿದ್ದೀರಲ್ಲ, ಅದಕ್ಕೆ ಮೊದಲು ನಮಸ್ಕಾರ. ಡಿವಿ ಟೇಪು ಕಂಪ್ಯೂಟರಿಗೆ ಬರುವುದು ಅದು ಓಡುವ ವೇಗದಲ್ಲೇ, ಒಂದು ಗಂಟೆ ಟೇಪಿಗೆ ಒಂದು ಗಂಟೆ ಕೂರಲೇಬೇಕು.

ಈಗ ವಿಷಯಕ್ಕೆ. ಆ ಮೊಬೈಲ್ ವಿಡಿಯೋ ಟಿವಿಯಲ್ಲಿ ಓಡುತ್ತಿರುವಾಗಲೇ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆದು ನೋಡಿ. ‘ಡೈರೆಕ್ಟ್ ಪ್ಲೇ’ ಅಂತಿದೆಯಾ, ‘ಟ್ರಾನ್ಸ್‌ಕೋಡ್’ ಅಂತಿದೆಯಾ? ಡೈರೆಕ್ಟ್ ಪ್ಲೇ ಅಂದರೆ ಸರ್ವರ್ ಫೈಲನ್ನು ಇದ್ದ ಹಾಗೇ ಎತ್ತಿ ಕೊಡುತ್ತದೆ, ಬಿಡಿಸಿ ತೋರಿಸುವ ಕೆಲಸ ಟಿವಿಯದು. ಟ್ರಾನ್ಸ್‌ಕೋಡ್ ಅಂದರೆ ಟಿವಿಗೆ ಆ ಬಗೆಯ ವಿಡಿಯೋ ಬಿಡಿಸಲು ಬರುವುದಿಲ್ಲ, ಹಾಗಾಗಿ ಸರ್ವರೇ ಪೂರ್ತಿ ಬಿಚ್ಚಿ, ಬೇರೆ ರೂಪಕ್ಕೆ ಹೊಸದಾಗಿ ಹೆಣೆದು, ಆಗಿಂದಾಗ್ಗೆ ಕಳಿಸುತ್ತಿದೆ ಅಂತ. ನಿಮ್ಮದು ಎರಡನೆಯದು ಅಂತ ನನಗೆ ಪೂರ್ತಿ ನಂಬಿಕೆ, ಸುಮ್ನೆ ಫೈಲ್ ಎತ್ತಿ ಕೊಡುವುದಕ್ಕೆ ಸಿಪಿಯು ನೂರಕ್ಕೆ ಹೋಗುವುದಿಲ್ಲ.

ಹಾಗಾದರೆ ಟೇಪಿನ ವಿಡಿಯೋ ಯಾಕೆ ಸರಾಗ ಅಂತ ಕೇಳಬಹುದು. ಡಿವಿ ವಿಡಿಯೋ ಕೂಡ ಟ್ರಾನ್ಸ್‌ಕೋಡ್ ಆಗಿಯೇ ಬರುತ್ತಿರುತ್ತದೆ, ಆದರೆ ಅದರ ಒಂದು ಫ್ರೇಮ್ 720 ಗುಣಿಸು 576. 4ಕೆ ಅಂದರೆ 3840 ಗುಣಿಸು 2160. ಲೆಕ್ಕ ಹಾಕಿ ನೋಡಿ, ಸರಿಯಾಗಿ 20 ಪಟ್ಟು ಜಾಸ್ತಿ ಚುಕ್ಕೆಗಳು. ವಿಸಿಡಿಗೆ ಹೋಲಿಸಿದರೆ 80 ಪಟ್ಟಿಗೂ ಮೇಲೆ. ಅದರ ಮೇಲೆ ಐಫೋನಿನದು ಎಚ್‌ಇವಿಸಿ ಅನ್ನುವ ಹೆಚ್ಚು ಒತ್ತಿ ಹಿಡಿದ ವಿಡಿಯೋ ರೂಪ, ಅದನ್ನು ಬಿಚ್ಚುವುದೇ ಭಾರದ ಕೆಲಸ. ತಂಗಿಯವರ ಫೋನ್ 12 ಅಥವಾ ಅದಕ್ಕಿಂತ ಹೊಸದಾದರೆ ಎಚ್‌ಡಿಆರ್ (ಹೆಚ್ಚು ಬೆಳಕು, ಬಣ್ಣ ಹಿಡಿಯುವ ವಿಡಿಯೋ) ಕೂಡ ಇರಬಹುದು. ಮಾಮೂಲಿ ಟಿವಿಗೆ ಬಣ್ಣ ಹೊಂದಿಸುವ ಲೆಕ್ಕ ಬೇರೆ. ಇಷ್ಟನ್ನೂ ಎರಡು ಕೋರ್ ಬರೀ ಸಾಫ್ಟ್‌ವೇರಿನಲ್ಲಿ ಮಾಡಲು ಆಗುವುದಿಲ್ಲ.

ಈ ಕೆಲಸಕ್ಕೇ ಅಂತ ಇಂಟೆಲ್ ಚಿಪ್‌ಗಳಲ್ಲಿ ಕ್ವಿಕ್ ಸಿಂಕ್ ಅಂತ ಒಂದು ಭಾಗ ಇದೆ, 2011ರಿಂದ ಬರುತ್ತಿದೆ. ಅದಕ್ಕೆ ಕೆಲಸ ಕೊಟ್ಟರೆ ಸಿಪಿಯು ತಣ್ಣಗೆ ಕೂತಿರುತ್ತದೆ. ನಿಮ್ಮಲ್ಲಿ ಎರಡು ಅಡ್ಡಿ ಇವೆ. ಒಂದು, ವಿಂಡೋಸ್ ಮೇಲಿನ ವರ್ಚುವಲ್‌ಬಾಕ್ಸ್ ಈ ಭಾಗವನ್ನು ವಿಎಂ ಒಳಗೆ ತೋರಿಸುವುದೇ ಇಲ್ಲ. ಅದು ಕೊಡುವುದು ತನ್ನದೇ ಒಂದು ಕಲ್ಪಿತ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ವಿಡಿಯೋ ಹೆಣೆಯಲು ಬರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ನಿಮ್ಮ 4ನೇ ಜನರೇಷನ್ ಚಿಪ್ಪಿನ ಕ್ವಿಕ್ ಸಿಂಕ್‌ಗೆ ಎಚ್.264 ಅನ್ನುವ ಹಳೇ ವಿಡಿಯೋ ರೂಪ ಗೊತ್ತು. ಎಚ್‌ಇವಿಸಿಗೆ ಪೂರ್ತಿ ಹಾರ್ಡ್‌ವೇರ್ ಬಂದಿದ್ದು 6ನೇ ಜನರೇಷನ್‌ನಲ್ಲಿ, ಅದರ 10 ಬಿಟ್ ರೂಪಕ್ಕೆ 7ನೇಯದರಲ್ಲಿ. ಐಫೋನಿನ ಎಚ್‌ಡಿಆರ್ ಅಂದರೆ 10 ಬಿಟ್ಟೇ. ಹಾಗಾಗಿ ವಿಎಂ ಕಿತ್ತು ವಿಂಡೋಸಿಗೆ ನೇರ ಹಾಕಿದರೂ ಸ್ವಲ್ಪ ಸುಧಾರಿಸಬಹುದು, ಸರಿಯಂತೂ ಹೋಗುವುದಿಲ್ಲ.

ಇನ್ನೊಂದು ಮಾತು. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಬಲಗಡೆ ಹಸಿರು ಆಮೆಯ ಚಿತ್ರ ಕಾಣಿಸುತ್ತಿದೆಯಾ ನೋಡಿ. ಕಂಡರೆ ವಿಂಡೋಸಿನದೇ ವಿಎಂ ವ್ಯವಸ್ಥೆ ಹೈಪರ್-ವಿ ಆನ್ ಆಗಿದೆ ಅಂತ, ಆಗ ವಿಎಂ ಇನ್ನೂ ನಿಧಾನ.

---

ನೇರನುಡಿ

ನನ್ನ ಅಭಿಪ್ರಾಯ ಸರಳ. ಬೇರೆ ಮಷೀನ್ ತಗೊಂಡು ಅದು ಈ ಒಂದೇ ಕೆಲಸಕ್ಕೆ ಅಂತಾದರೆ ವಿಎಂ ಬೇಡವೇ ಬೇಡ. ಡೆಬಿಯನ್ ನೇರ ಹಾಕಿ, ಮೇಲೆ ಜೆಲ್ಲಿಫಿನ್ ಹಾಕಿ, ಡಿಸ್ಕ್ ಮೌಂಟ್ ಮಾಡಿ, ಮುಗೀತು. ಪಾಸ್‌ಥ್ರೂ (ಚಿಪ್, ಡಿಸ್ಕನ್ನು ನೇರ ವಿಎಂಗೆ ಕೊಡುವುದು), ಬ್ರಿಡ್ಜ್, ಮ್ಯಾಪಿಂಗ್ ಅಂತ ಒಂದೊಂದು ಪದರ ಹೆಚ್ಚಿದಷ್ಟೂ ರಾತ್ರಿ ಹನ್ನೊಂದಕ್ಕೆ ಕೆಟ್ಟಾಗ ಹುಡುಕುವ ಜಾಗವೂ ಹೆಚ್ಚುತ್ತದೆ. ನಾನು ಐದು ವರ್ಷದಿಂದ ಹೀಗೇ ನಡೆಸುತ್ತಿದ್ದೇನೆ. ಜೆಲ್ಲಿಫಿನ್‌ನ ಸೆಟ್ಟಿಂಗ್ ಮತ್ತು ಡೇಟಾಬೇಸ್ ಇರುವ ಫೋಲ್ಡರನ್ನು ವಾರಕ್ಕೊಮ್ಮೆ ಕಾಪಿ ಮಾಡಿ ಇಡುತ್ತೇನೆ, ಮಷೀನ್ ಸತ್ತರೆ ಹೊಸದರಲ್ಲಿ ಅರ್ಧ ಗಂಟೆಯ ಕೆಲಸ. ಅಪ್ಪನಿಗೆ ಆಟ ತೋರಿಸುವುದು ಗುರಿ ಅಲ್ವಾ, ಅದಕ್ಕೆ ಇಷ್ಟು ಸಾಕು.

---

ಗುಡ್ಡದಾಚೆ

ನೇರನುಡಿ ಅವರ ಮಾತು ತಪ್ಪಲ್ಲ, ಆದರೆ ಸಾಗರದವರು ವಿಎಂ ಮಾಡಿಕೊಂಡ ಕಾರಣ ನೋಡಿ: ಕೈಯಾಡಿಸಬೇಕು, ಕೆಟ್ಟರೆ ಹಿಂದಕ್ಕೆ ಹೋಗಬೇಕು. ಆ ಆಸೆ ಇರುವವರು ಒಂದೇ ಕೆಲಸಕ್ಕೆ ನಿಲ್ಲುವುದಿಲ್ಲ. ಇವತ್ತು ಜೆಲ್ಲಿಫಿನ್, ಮುಂದಿನ ತಿಂಗಳು ಫೋಟೋಗೆ ಒಂದು, ಆಮೇಲೆ ಅಂಗಡಿ ಲೆಕ್ಕದ ಬ್ಯಾಕಪ್‌ಗೆ ಒಂದು. ಅದಕ್ಕೆ ಒಂದೇ ಮಷೀನಿನಲ್ಲಿ ಹಲವು ವಿಎಂ ನಡೆಸುವ ಪ್ರಾಕ್ಸ್‌ಮಾಕ್ಸ್ ಹಾಕಿ ಅನ್ನುತ್ತೇನೆ. ಡೆಬಿಯನ್ ಮೇಲೇ ಕಟ್ಟಿದ್ದು, ದುಡ್ಡಿಲ್ಲದೆ ಬಳಸಬಹುದು, ಬ್ರೌಸರಿನಲ್ಲೇ ಎಲ್ಲ ನಡೆಸಬಹುದು. ಲಾಗಿನ್ ಆದಾಗಲೆಲ್ಲ ಚಂದಾ ಇಲ್ಲ ಅಂತ ಒಂದು ಸೂಚನೆ ಬರುತ್ತದೆ, ಸರಿ ಅಂತ ಒತ್ತಿ ಮುಂದೆ ಹೋಗಿ.

ಮಷೀನ್: ಆಫೀಸುಗಳಿಂದ ವಾಪಸ್ ಬಂದ ಸಣ್ಣ ಮಿನಿ ಪಿಸಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಐ5-8500ಟಿ ಇರುವುದನ್ನು ಕೇಳಿ. ಆರು ಕೋರ್, 35 ವ್ಯಾಟ್ ಚಿಪ್, ಎಚ್‌ಇವಿಸಿ 10 ಬಿಟ್ ಬಿಡಿಸುತ್ತದೆ. ನಾನು 16 ಜಿಬಿ ರ್ಯಾಮ್ ಸೇರಿ 13 ಸಾವಿರ ಕೊಟ್ಟೆ. ಹೊಸದೇ ಬೇಕಿದ್ದರೆ ಎನ್100 ಚಿಪ್ಪಿನವು ನೋಡಿ, ಕೋರ್ ನಾಲ್ಕೇ, ಆದರೆ 6 ವ್ಯಾಟ್ ಚಿಪ್, ಎವಿ1 ಅನ್ನುವ ಹೊಸ ವಿಡಿಯೋ ರೂಪವನ್ನೂ ಬಿಡಿಸುತ್ತದೆ. ನನ್ನ ಮಷೀನ್ ಸುಮ್ನೆ ಕೂತಾಗ ಮೀಟರಿನಲ್ಲಿ ಸುಮಾರು 10 ವ್ಯಾಟ್ ತೋರಿಸುತ್ತದೆ, ತಿಂಗಳಿಗೆ 7 ಯೂನಿಟ್ಟು. ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ತಿಂದರೆ ಅದೇ 43 ಯೂನಿಟ್ ಆಗುತ್ತದೆ.

ಈಗ ಅಸಲು ಪ್ರಶ್ನೆ. ಪ್ರಾಕ್ಸ್‌ಮಾಕ್ಸಿನಲ್ಲಿ ಎರಡು ದಾರಿ ಇವೆ: ಪೂರ್ತಿ ವಿಎಂ, ಇಲ್ಲ ಎಲ್‌ಎಕ್ಸ್‌ಸಿ ಕಂಟೇನರ್ ಅನ್ನುವ ಹಗುರವಾದ ಡಬ್ಬಿ.

ವಿಎಂ ಒಳಗೆ ಗ್ರಾಫಿಕ್ಸ್ ಬೇಕೆಂದರೆ ಚಿಪ್ಪನ್ನು ಆ ವಿಎಂಗೇ ಬರೆದುಕೊಡಬೇಕು. ಬಯೋಸಿನಲ್ಲಿ ವಿಟಿ-ಡಿ ಆನ್ ಮಾಡಬೇಕು, ಬೂಟ್ ಸಾಲಿನಲ್ಲಿ ಐಒಎಂಎಂಯು ಆನ್ ಮಾಡಬೇಕು, ಹೋಸ್ಟ್ (ಅಂದರೆ ವಿಎಂಗಳನ್ನು ನಡೆಸುವ ಅಸಲು ಮಷೀನ್) ಆ ಚಿಪ್ಪನ್ನು ಮುಟ್ಟದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಮಷೀನಿಗೆ ಮಾನಿಟರ್ ಹಚ್ಚಿದರೆ ಹೋಸ್ಟಿನ ಪರದೆ ಕಾಣಿಸುವುದಿಲ್ಲ. ಬೇರೆ ಯಾವ ವಿಎಂಗೂ ಆ ಚಿಪ್ ಸಿಗುವುದಿಲ್ಲ. ಇನ್ನೊಂದು, ಪಾಸ್‌ಥ್ರೂ ಇರುವ ವಿಎಂಗೆ 4 ಜಿಬಿ ರ್ಯಾಮ್ ಅಂತ ಬರೆದರೆ ಅಷ್ಟೂ ಶುರುವಿನಲ್ಲೇ ಹಿಡಿದಿಡುತ್ತದೆ, ಬೇಡದಾಗ ಹಿಂದಕ್ಕೆ ಕೊಡುವುದಿಲ್ಲ. ಒಂದೇ ಚಿಪ್ಪನ್ನು ಹಲವು ವಿಎಂಗಳಿಗೆ ಹಂಚುವ ಜಿವಿಟಿ-ಜಿ ಅಂತ ಒಂದು ದಾರಿ 8ನೇ ಜನರೇಷನ್ನಿನಲ್ಲಿ ಇದೆ. ಇಂಟೆಲ್ ಅದನ್ನು ಹೊಸ ಚಿಪ್ಪುಗಳಿಗೆ ತರಲಿಲ್ಲ, ಅದನ್ನು ನಂಬಿ ಹೊಸದಾಗಿ ಮನೆ ಕಟ್ಟಬೇಡಿ.

ಕಂಟೇನರ್ ಆದರೆ ಹೋಸ್ಟಿನ ಕರ್ನಲ್ಲನ್ನೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬಳಸುತ್ತದೆ. ಹಾಗಾಗಿ ಚಿಪ್ ಯಾರಿಗೂ ಬರೆದುಕೊಡಬೇಕಾಗಿಲ್ಲ. ‘ರೆಂಡರ್ ಡಿ 128’ ಅನ್ನುವ ಒಂದು ಡಿವೈಸ್ ಫೈಲನ್ನು ಒಳಗೆ ಕಾಣುವ ಹಾಗೆ ಮಾಡಿದರೆ ಸಾಕು, ಹತ್ತು ಕಂಟೇನರುಗಳು ಒಟ್ಟಿಗೆ ಬಳಸಬಹುದು. ಪ್ರಾಕ್ಸ್‌ಮಾಕ್ಸ್ 8.2ರಿಂದ ಇದನ್ನು ಬ್ರೌಸರಿನಲ್ಲೇ ಸೇರಿಸಬಹುದು, ಕಂಟೇನರಿನ ರಿಸೋರ್ಸಸ್‌ಗೆ ಹೋಗಿ ಡಿವೈಸ್ ಪಾಸ್‌ಥ್ರೂ ಅಂತ ಒತ್ತಿ. ಅಲ್ಲಿ ಗ್ರೂಪ್ ನಂಬರ್ ಕೇಳುತ್ತದೆ. ಹಾಕಬೇಕಾದ್ದು ಕಂಟೇನರ್ ಒಳಗಿನ ರೆಂಡರ್ ಗ್ರೂಪಿನ ನಂಬರ್, ಹೋಸ್ಟಿನದಲ್ಲ. ಎರಡೂ ಒಂದೇ ಇರಬೇಕೆಂದಿಲ್ಲ, ಎಷ್ಟೋ ಜನ ಇಲ್ಲೇ ಒಂದು ಸಂಜೆ ಕಳೆಯುತ್ತಾರೆ.

ಒಂದು ಎಚ್ಚರ: ಜೆಲ್ಲಿಫಿನ್ನನ್ನು ಡಾಕರ್ (ಸಾಫ್ಟ್‌ವೇರನ್ನು ಇನ್ನೊಂದು ಬಗೆಯ ಕಂಟೇನರಿನಲ್ಲಿ ನಡೆಸುವ ವ್ಯವಸ್ಥೆ) ಮೂಲಕವೇ ಹಾಕುವ ಯೋಚನೆ ಇದ್ದರೆ ಆಗ ವಿಎಂ ಮಾಡಿ. ಕಂಟೇನರ್ ಒಳಗೆ ಡಾಕರ್ ಬೇಡ ಅಂತ ಪ್ರಾಕ್ಸ್‌ಮಾಕ್ಸ್‌ನವರೇ ಹೇಳುತ್ತಾರೆ. ನಿಮಗೆ ಡಾಕರ್ ಬೇಕಾಗಿಲ್ಲ, ಜೆಲ್ಲಿಫಿನ್‌ದೇ ಡೆಬಿಯನ್ ಪ್ಯಾಕೇಜ್ ಇದೆ. ಹಾರ್ಡ್‌ವೇರ್ ಟ್ರಾನ್ಸ್‌ಕೋಡ್‌ಗೆ ಪ್ಲೆಕ್ಸ್ ಅನ್ನುವ ಇನ್ನೊಂದು ಮೀಡಿಯಾ ಸರ್ವರಿನಲ್ಲಿ ದುಡ್ಡು ಕೊಟ್ಟು ಪಾಸ್ ಕೊಳ್ಳಬೇಕು, ಜೆಲ್ಲಿಫಿನ್‌ನಲ್ಲಿ ಹಾಗಿಲ್ಲ. 2018ರ ಡಿಸೆಂಬರಿನಲ್ಲಿ ಎಂಬಿ (Emby) ಅನ್ನುವ ಮೀಡಿಯಾ ಸರ್ವರ್ ತನ್ನ ಕೋಡ್ ಮುಚ್ಚಿದಾಗ ಅದರಿಂದ ಕವಲೊಡೆದು ಹುಟ್ಟಿದ್ದಲ್ವಾ, ಎಲ್ಲವೂ ತೆರೆದೇ ಇದೆ.

---

ಸಾಗರದವ

ಎಲ್ಲರಿಗೂ ತುಂಬಾ ಧನ್ಯವಾದ. ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ.

ಡ್ಯಾಶ್‌ಬೋರ್ಡ್ ನೋಡಿದೆ, ಬೈಟ್‌ಕಟ್ಟೆ ಅವರು ಹೇಳಿದ್ದೇ. ಟ್ರಾನ್ಸ್‌ಕೋಡ್, ಕಾರಣದ ಜಾಗದಲ್ಲಿ ‘ಈ ವಿಡಿಯೋ ಕೋಡೆಕ್‌ಗೆ ಬೆಂಬಲ ಇಲ್ಲ’ ಅಂತ. ಟಿವಿ ಹಳೆಯದು. ಆಮೆಯೂ ಇತ್ತು.

ಹೋದ ವಾರ ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರಸ್ತೆಯಲ್ಲಿ ಐ5-8500ಟಿ ಮಿನಿ ಪಿಸಿ ತಗೊಂಡೆ, 16 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ. ಪ್ರಾಕ್ಸ್‌ಮಾಕ್ಸ್ ಹಾಕಿ ಕಂಟೇನರ್ ಮಾಡಿ, 32 ಜಿಬಿ ಜಾಗ ಕೊಟ್ಟೆ. ಗ್ರೂಪ್ ನಂಬರಿನಲ್ಲಿ ನಾನೂ ಒಂದು ಸಂಜೆ ಕಳೆದೆ. ಆದರೆ ಸರಿಯಾದ ಮೇಲೆ ತಂಗಿಯ 4ಕೆ ವಿಡಿಯೋ ಹಾಕಿದರೆ ನೀರು ಹರಿದ ಹಾಗೆ ಓಡಿತು, ಸಿಪಿಯು ನೂರಕ್ಕೆ ಹನ್ನೆರಡರ ಆಸುಪಾಸು. ಅಪ್ಪ ಮೊಮ್ಮಗಳ ವಿಡಿಯೋ ಮೂರು ಸಲ ನೋಡಿದರು.

ಆಮೇಲೆ ಶನಿವಾರ ರಾತ್ರಿ ಅಪ್ಪ 2004ರ ಒಂದು ಇಡೀ ರಾತ್ರಿ ಆಟ ಹಾಕಿಸಿಕೊಂಡರು. ಎಂಟು ಟೇಪು ಸೇರಿಸಿ ಒಂದೇ ಫೈಲ್ ಮಾಡಿಟ್ಟದ್ದು, 104 ಜಿಬಿ. ಐದು ಗಂಟೆ ಚೆನ್ನಾಗಿ ಓಡಿತು. ಆಮೇಲೆ ನಿಂತುಹೋಯಿತು, ಜೆಲ್ಲಿಫಿನ್ ಪೂರ್ತಿ ಮಲಗಿತು, ಮತ್ತೆ ಶುರು ಮಾಡಿದರೂ ಏಳಲಿಲ್ಲ. ನೋಡಿದರೆ ಕಂಟೇನರಿನ 32 ಜಿಬಿ ತುಂಬಿದೆ. ಯಾವ ಫೈಲೂ ನಾನು ಹಾಕಿಲ್ಲ. ಏನಾಯಿತು?

ಇನ್ನೊಂದು. ತಾಳಮದ್ದಲೆಗಳಿಗೆ ಅಪ್ಪನ ಹತ್ತಿರ ಕೇಳಿ ಕೇಳಿ ಪ್ರಸಂಗ ಯಾವುದು, ಅರ್ಥ ಹೇಳುತ್ತಿರುವವರು ಯಾರು ಅಂತ ಕನ್ನಡದಲ್ಲೇ ಎಸ್‌ಆರ್‌ಟಿ ಸಬ್‌ಟೈಟಲ್ ಬರೆದಿದ್ದೇನೆ. ಟಿವಿಯಲ್ಲಿ ಅಕ್ಷರದ ಬದಲು ಚೌಕ ಚೌಕ ಬರುತ್ತಿದೆ.

---

ಹಳೇಟೇಪು

ಸಾಗರದವರೇ, ಎರಡಕ್ಕೂ ಉತ್ತರ ನನ್ನ ಹತ್ತಿರ ಇದೆ. ನಮ್ಮ ತಾಯಿಯ ಸಂಗೀತ ಕಛೇರಿಗಳ ಟೇಪಿನ ಜತೆ ಇದೇ ದಾರಿ ನಡೆದವಳು ನಾನು.

ಡಿಸ್ಕ್ ತುಂಬಿದ್ದು: ಟ್ರಾನ್ಸ್‌ಕೋಡ್ ಮಾಡುವಾಗ ಜೆಲ್ಲಿಫಿನ್ ಹೆಣೆದ ವಿಡಿಯೋವನ್ನು ಸಣ್ಣ ಸಣ್ಣ ತುಂಡು ಮಾಡಿ ತನ್ನ ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತಾ ಹೋಗುತ್ತದೆ. ನೋಡಿ ಮುಗಿಸಿ ನಿಲ್ಲಿಸುವ ತನಕ ಅಳಿಸುವುದಿಲ್ಲ. ಎರಡೂವರೆ ಗಂಟೆಯ ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಇಡೀ ರಾತ್ರಿ ಆಟ ನೋಡುವವರಿಗೆ ಗೊತ್ತಾಗುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ ಅಂತ ಹಿಡಿದರೂ ಎಂಟು ಗಂಟೆಗೆ 28 ಜಿಬಿ ದಾಟುತ್ತದೆ. ನಿಮ್ಮ 32ರಲ್ಲಿ ಡೆಬಿಯನ್, ಡೇಟಾಬೇಸ್, ಚಿತ್ರಗಳು ಎಲ್ಲ ಸೇರಿ ಉಳಿದದ್ದೇ ಕಡಿಮೆ. ಅದರ ಜತೆ ಸರ್ವರ್ ನೋಡುವವರಿಗಿಂತ ಮುಂದೆ ಮುಂದೆ ಓಡುತ್ತಲೂ ಇರುತ್ತದೆ. ಡ್ಯಾಶ್‌ಬೋರ್ಡಿನ ಟ್ರಾನ್ಸ್‌ಕೋಡಿಂಗ್ ಪುಟದ ಕೆಳಗೆ ಎರಡು ಆಯ್ಕೆ ಇವೆ. ಒಂದು ‘ಥ್ರಾಟಲ್’, ಅತಿಯಾಗಿ ಮುಂದೆ ಓಡಬೇಡ ಅಂತ. ಇನ್ನೊಂದು, ನೋಡಿಯಾದ ತುಂಡುಗಳನ್ನು ಅಳಿಸು ಅಂತ. ಎರಡನ್ನೂ ಆನ್ ಮಾಡಿ. ಈಗ ಏಳದಿರುವುದಕ್ಕೆ ಆ ತಾತ್ಕಾಲಿಕ ಫೋಲ್ಡರ್ ಖಾಲಿ ಮಾಡಿ, ಜಾಗ ಸಿಕ್ಕಿದರೆ ತಾನೇ ಏಳುತ್ತದೆ.

ಇನ್ನೂ ಒಳ್ಳೆಯದು, ಟಿವಿಗೆ ಟ್ರಾನ್ಸ್‌ಕೋಡೇ ಬೇಡದ ಹಾಗೆ ಮಾಡುವುದು. ಡಿವಿ ಮೂಲ ಫೈಲುಗಳನ್ನು ಬೇರೆ ಕಡೆ ಜೋಪಾನವಾಗಿ ಇಡಿ, ಅವು ಗಂಟೆಗೆ 13 ಜಿಬಿ ತಿಂದರೂ ಅಳಿಸಬೇಡಿ. ನೋಡಲಿಕ್ಕೆ ಅಂತ ಎಚ್.264ರಲ್ಲಿ ಒಂದೊಂದು ನಕಲು ಮಾಡಿ. ಮಾಡುವಾಗ ಡಿಇಂಟರ್‌ಲೇಸ್ ಮಾಡುವುದು ಮರೆಯಬೇಡಿ. ನಮ್ಮ ಟೇಪುಗಳಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳು ಇರುತ್ತವೆ. ಅದನ್ನು 25 ಪೂರ್ತಿ ಚಿತ್ರ ಮಾಡುವ ಬದಲು 50 ಪೂರ್ತಿ ಚಿತ್ರ ಮಾಡಿಸಿ. ವಿಡಿಯೋ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರಿನಲ್ಲಿ ಬಿಡಬ್ಲ್ಯುಡಿಐಎಫ್ ಅನ್ನುವ ಫಿಲ್ಟರ್ ಇದನ್ನು ಚೆನ್ನಾಗಿ ಮಾಡುತ್ತದೆ. ಬಣ್ಣದ ವೇಷ ಗಿರಕಿ ಹೊಡೆಯುವಾಗ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ, 25ರಲ್ಲಿ ಕಿರೀಟದ ಅಂಚು ಬಾಚಣಿಗೆಯ ಹಾಗೆ ಸೀಳುವುದು, ಇಲ್ಲ ಮಸುಕಾಗುವುದು ಆಗುತ್ತದೆ.

ಚೌಕಗಳು: ನಿಮ್ಮ ಟಿವಿ ಆ್ಯಪ್ ಸಬ್‌ಟೈಟಲನ್ನು ತಾನು ಬರೆಯದೆ, ಚಿತ್ರದ ಮೇಲೇ ಅಚ್ಚು ಹಾಕಿ ಕಳಿಸು ಅಂತ ಸರ್ವರಿಗೆ ಹೇಳುತ್ತಿದೆ. ಅಚ್ಚು ಹಾಕುವುದು ಕಂಟೇನರ್, ಅದರಲ್ಲಿ ಕನ್ನಡ ಫಾಂಟೇ ಇಲ್ಲ. ಡೆಬಿಯನ್ನಿನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಅನ್ನುವ ಪ್ಯಾಕೇಜ್ ಇದೆ, ಹಾಕಿದರೆ ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಆಮೇಲೆ ಜೆಲ್ಲಿಫಿನ್ ಒಮ್ಮೆ ನಿಲ್ಲಿಸಿ ಶುರು ಮಾಡಿ. ಎಸ್‌ಆರ್‌ಟಿ ಫೈಲನ್ನು ಯೂನಿಕೋಡಿನಲ್ಲೇ ಉಳಿಸಿದ್ದೀರಾ ನೋಡಿಕೊಳ್ಳಿ, ಹಳೇ ಡಿಟಿಪಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯಾವ ಫಾಂಟ್ ಹಾಕಿದರೂ ಪ್ರಯೋಜನ ಇಲ್ಲ.

ಆ ವಿಸಿಡಿ ಚೀಲವನ್ನು ಮಾತ್ರ ಮುಂದೂಡಬೇಡಿ. ಮಾಮೂಲಿ ಡೇಟಾ ಸಿಡಿಯಲ್ಲಿ ಗೀರು ಬಿದ್ದರೆ ಸರಿಪಡಿಸಿಕೊಳ್ಳಲು ಜಾಸ್ತಿ ಮಾಹಿತಿ ಬರೆದಿರುತ್ತಾರೆ, ವಿಸಿಡಿಯಲ್ಲಿ ಆ ಜಾಗವನ್ನೂ ವಿಡಿಯೋಗೇ ಬಳಸಿರುತ್ತಾರೆ. ಅದಕ್ಕೇ ಸಣ್ಣ ಗೀರಿಗೂ ಕಾಪಿ ನಿಂತುಹೋಗುತ್ತದೆ. ಒಂದು ಡ್ರೈವಿನಲ್ಲಿ ಓದದಿದ್ದರೆ ಇನ್ನೊಂದರಲ್ಲಿ ಹಾಕಿ ನೋಡಿ, ನನಗೆ ಹಾಗೆ ನಾಲ್ಕು ಸಿಕ್ಕಿವೆ. ಎಂಪೆಗ್‌ಎವಿ ಫೋಲ್ಡರಿನ ಡ್ಯಾಟ್ ಫೈಲನ್ನು ಎಫ್‌ಎಫ್‌ಎಂಪೆಗ್‌ನಿಂದ ‘ಕಾಪಿ’ ಆಯ್ಕೆ ಹಾಕಿ ಎಂಪಿಜಿ ಮಾಡಿಕೊಂಡರೆ ಗುಣಮಟ್ಟ ಸ್ವಲ್ಪವೂ ಹೋಗುವುದಿಲ್ಲ.

---

ಕಡಲತಡಿ

ಮಾರಾಯ್ರೆ, 2.3 ಟಿಬಿ ಎಲ್ಲಿಟ್ಟಿದ್ದೀರಿ ಅಂತ ಯಾರೂ ಕೇಳಲೇ ಇಲ್ಲವಲ್ಲ!

ಹೊರಗಿನ ಯುಎಸ್‌ಬಿ ಡಿಸ್ಕ್ ಅಂತ ಅಂದುಕೊಳ್ಳುತ್ತೇನೆ. ಅದನ್ನು ಪ್ರಾಕ್ಸ್‌ಮಾಕ್ಸ್ ಹೋಸ್ಟಿನಲ್ಲೇ ಮೌಂಟ್ ಮಾಡಿ, ಕಂಟೇನರಿಗೆ ಬೈಂಡ್ ಮೌಂಟ್ ಆಗಿ, ಅಂದರೆ ಹೋಸ್ಟಿನ ಫೋಲ್ಡರ್ ಒಳಗೂ ಕಾಣುವ ಹಾಗೆ, ಕೊಡಿ. ಕಂಟೇನರ್ ‘ಅನ್‌ಪ್ರಿವಿಲೆಜ್ಡ್’ (ಹೋಸ್ಟಿನ ಮೇಲೆ ಅಧಿಕಾರ ಇಲ್ಲದ್ದು) ಆಗಿದ್ದರೆ ಒಳಗಿನ ಬಳಕೆದಾರರ ನಂಬರಿಗೆ ಹೋಸ್ಟಿನಲ್ಲಿ ಒಂದು ಲಕ್ಷ ಸೇರುತ್ತದೆ, ಅಂದರೆ ಒಳಗಿನ ರೂಟ್ ಹೊರಗೆ 100000. ಹಾಗಾಗಿ ಬರೆಯುವ ಅನುಮತಿಗೆ ಒದ್ದಾಟ. ಒದ್ದಾಡಬೇಡಿ, ಜೆಲ್ಲಿಫಿನ್‌ಗೆ ಓದುವ ಅನುಮತಿ ಇದ್ದರೆ ಸಾಕು. ಅಪ್ಪನ ಟೇಪುಗಳನ್ನು ಬರೆಯುವ, ಅಳಿಸುವ ಅಧಿಕಾರ ಮೀಡಿಯಾ ಸರ್ವರಿಗೆ ಯಾಕೆ ಬೇಕು?

ಮೌಂಟ್ ಸಾಲಿನಲ್ಲಿ ಡಿಸ್ಕನ್ನು ಯುಯುಐಡಿಯಿಂದ (ಆ ಡಿಸ್ಕಿನದೇ ಗುರುತಿನ ಸಂಖ್ಯೆ) ಬರೆಯಿರಿ, ಎಸ್‌ಡಿಬಿ ಎಸ್‌ಡಿಸಿ ಅಂತ ಬರೆದರೆ ಇನ್ನೊಂದು ಡಿಸ್ಕ್ ಹಚ್ಚಿದ ದಿನ ಅಕ್ಷರ ಬದಲಾಗಿಬಿಡುತ್ತದೆ. ಜತೆಗೆ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಎದ್ದೇಳದ ದಿನ ಮಷೀನ್ ಬೂಟ್ ಆಗದೆ ಅರ್ಧದಲ್ಲೇ ನಿಲ್ಲುತ್ತದೆ.

ನೋಫೇಲ್‌ಗೆ ಇನ್ನೊಂದು ಮುಖ ಇದೆ, ನನಗೆ ಆದದ್ದು ಹೇಳುತ್ತೇನೆ. ಹೋದ ಮಳೆಗಾಲ ನಮ್ಮಲ್ಲಿ ದಿನಕ್ಕೆ ಐದಾರು ಸಲ ಕರೆಂಟ್ ಹೋಗಿ ಬರುತ್ತಿತ್ತು. ಒಂದು ಸಲ ಮಷೀನ್ ಎದ್ದಿತು, ಡಿಸ್ಕ್ ಏಳಲಿಲ್ಲ. ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿಯಾಗಿ ಅಲ್ಲೇ ಇತ್ತು. ರಾತ್ರಿ ಎರಡಕ್ಕೆ ಮೊಬೈಲ್ ವಿಡಿಯೋ ಕಾಪಿ ಮಾಡುವ ಸ್ಕ್ರಿಪ್ಟ್ ಓಡಿ, ಎಲ್ಲವನ್ನೂ ಆ ಖಾಲಿ ಫೋಲ್ಡರಿಗೇ, ಅಂದರೆ ಹೋಸ್ಟಿನ ಸಣ್ಣ ಎಸ್‌ಎಸ್‌ಡಿಗೇ ಸುರಿಯಿತು. ಬೆಳಿಗ್ಗೆ ಹೊತ್ತಿಗೆ ಹೋಸ್ಟ್ ತುಂಬಿ ಎಲ್ಲ ವಿಎಂಗಳೂ ನಿಂತಿದ್ದವು. ಅಂದಿನಿಂದ ಡಿಸ್ಕ್ ಬಿಚ್ಚಿಟ್ಟಾಗಲೇ ಆ ಖಾಲಿ ಫೋಲ್ಡರಿಗೆ ಬದಲಾಗದ ಗುರುತು ಹಾಕಿದ್ದೇನೆ, ‘ಚ್ಯಾಟ್ರ್ ಪ್ಲಸ್ ಐ’ ಅನ್ನುವ ಕಮ್ಯಾಂಡ್. ಡಿಸ್ಕ್ ಮೌಂಟ್ ಆಗಿದ್ದರೆ ಮಾತ್ರ ಬರೆಯಲು ಆಗುತ್ತದೆ, ಇಲ್ಲದಿದ್ದರೆ ಆಗುವುದಿಲ್ಲ.

ಕರೆಂಟಿಗೆ: ಬಯೋಸಿನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಇಡಿ. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ, ಅದರಲ್ಲಿಟ್ಟರೆ ಬದಲಾಗುವಾಗ ಕಂಪ್ಯೂಟರ್ ಆರುವುದಿಲ್ಲ. ಡಿಸ್ಕಿನ ಅಡಾಪ್ಟರ್, ರೌಟರ್ ಎರಡನ್ನೂ ಅದೇ ಲೈನಿಗೆ ಹಾಕಿ.

ಮುಂದೆ ಯಾವತ್ತಾದರೂ ವಿಎಂಗೆ ಇಡೀ ಡಿಸ್ಕನ್ನೇ ನೇರ ಕೊಡುವ ಮನಸ್ಸಾದರೆ ನೆನಪಿರಲಿ, ಹಾಗೆ ಕೊಟ್ಟ ವಿಎಂಗೆ ಪ್ರಾಕ್ಸ್‌ಮಾಕ್ಸ್ ಸ್ನ್ಯಾಪ್‌ಶಾಟ್ (ಕೆಟ್ಟರೆ ಹಿಂದಕ್ಕೆ ಹೋಗಲು ಆ ಕ್ಷಣದ ನಕಲು) ತೆಗೆಯಲು ಬಿಡುವುದಿಲ್ಲ. ಆ ಡಿಸ್ಕಿಗೆ ಬ್ಯಾಕಪ್ ಬೇಡ ಅಂತ ಗುರುತು ಹಾಕಿ ಮಾಮೂಲಿ ಬ್ಯಾಕಪ್ ಮಾಡಿಕೊಳ್ಳಬೇಕು.

ಮತ್ತೆ ಸರ್ವರಿನ ಬ್ಯಾಕಪ್ ಬೇರೆ, ಟೇಪುಗಳ ಬ್ಯಾಕಪ್ ಬೇರೆ. ಇನ್ನೊಂದು 4 ಟಿಬಿ ಡಿಸ್ಕ್ ತಂದು ಎಲ್ಲ ನಕಲು ಮಾಡಿ ಬೆಂಗಳೂರಿನ ತಂಗಿ ಮನೆಯಲ್ಲಿಡಿ, ದಯವಿಟ್ಟು.

---

ದೂರದೂರು

ಜರ್ಮನಿಯಿಂದ ಊರಿನ ಸರ್ವರ್ ನೋಡುವವನು ನಾನು, ತಂಗಿಯವರ ಪ್ರಶ್ನೆ ಬಾಕಿ ಇದೆಯಲ್ಲ, ಅದಕ್ಕೆ ಬರೆಯುತ್ತೇನೆ.

ರೌಟರಿನ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಒಂದೇ ಹೊರಗಿನ ವಿಳಾಸವನ್ನು ತುಂಬಾ ಮನೆಗಳು ಹಂಚಿಕೊಂಡಿವೆ ಅಂತ. ಪೋರ್ಟ್ ಫಾರ್ವರ್ಡ್ ಮಾಡಿದರೂ ಒಳಗೆ ಬರಲು ಆಗುವುದಿಲ್ಲ. ಆಗುವಂತಿದ್ದರೂ ಜೆಲ್ಲಿಫಿನ್‌ನ 8096 ಪೋರ್ಟನ್ನು ಇಂಟರ್ನೆಟ್ಟಿಗೆ ಬಿಚ್ಚಿಡಬೇಡಿ. ಎರಡು ಮನೆಗಳ ನಡುವೆ ಖಾಸಗಿ ದಾರಿ ಮಾಡಿಕೊಡುವ ಟೈಲ್‌ಸ್ಕೇಲ್ ಹಾಕಿ. ಒಳಗೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಇದೆ, ಎರಡೂ ಕಡೆಯಿಂದ ಹೊರಗೆ ಹೋಗಿ ನಡುವೆ ಕೈ ಹಿಡಿದುಕೊಳ್ಳುತ್ತದೆ. ತಂಗಿಯ ಟಿವಿ ಆಂಡ್ರಾಯ್ಡ್ ಆಗಿದ್ದರೆ ಅದಕ್ಕೂ ಆ್ಯಪ್ ಇದೆ.

ನಿಮ್ಮದು ಕಂಟೇನರ್ ಆದ್ದರಿಂದ ಒಂದು ಹೆಜ್ಜೆ ಹೆಚ್ಚು. ಟೈಲ್‌ಸ್ಕೇಲ್‌ಗೆ ಟನ್ ಅನ್ನುವ ಡಿವೈಸ್ ಬೇಕು, ಅದನ್ನೂ ರೆಂಡರ್ ಫೈಲಿನ ಹಾಗೇ ಒಳಗೆ ಕೊಡಬೇಕು. ವಿಎಂ ಆಗಿದ್ದರೆ ಇದು ಬೇಕಿರಲಿಲ್ಲ. ಕೊಟ್ಟ ಮೇಲೆ ಸ್ಟೇಟಸ್ ನೋಡಿ, ‘ಡೈರೆಕ್ಟ್’ ಅಂತ ಬಂದರೆ ಒಳ್ಳೆಯದು. ‘ರಿಲೇ’ ಅಂತ ಬಂದರೆ ನಡುವಿನ ಸರ್ವರ್ ಮೂಲಕ ಸುತ್ತಿ ಹೋಗುತ್ತಿದೆ, ವಿಡಿಯೋಗೆ ಸಾಲುವುದಿಲ್ಲ. ಎರಡೂ ಮನೆಯ ರೌಟರಿನಲ್ಲಿ ಐಪಿವಿ6 ಆನ್ ಮಾಡಿದರೆ ಹೆಚ್ಚಿನ ಸಲ ಡೈರೆಕ್ಟ್ ಆಗುತ್ತದೆ, ನನಗೆ ಹಾಗೇ ಆಗಿದ್ದು.

ತಂಗಿಗೆ ಹೋಗುವ ವಿಡಿಯೋದ ವೇಗ ನಿಮ್ಮ ಮನೆಯ ಅಪ್‌ಲೋಡ್ ಎಷ್ಟೋ ಅಷ್ಟೇ. ಐಫೋನಿನ 4ಕೆ, ಸೆಕೆಂಡಿಗೆ 30 ಫ್ರೇಮಿನದಾದರೆ, ನಿಮಿಷಕ್ಕೆ ಸುಮಾರು 170 ಎಂಬಿ, ಅಂದರೆ ಸೆಕೆಂಡಿಗೆ 23 ಮೆಗಾಬಿಟ್ ಹತ್ತಿರ. ಅಷ್ಟು ಇಲ್ಲದಿದ್ದರೆ ಜೆಲ್ಲಿಫಿನ್‌ನಲ್ಲಿ ಹೊರಗಿನಿಂದ ನೋಡುವವರಿಗೆ 6 ಮೆಗಾಬಿಟ್ಟಿನ ಮಿತಿ ಹಾಕಿ, ಈಗ ಚಿಪ್ ಇದೆಯಲ್ಲ, ಇಳಿಸಿ ಕಳಿಸುತ್ತದೆ. ತಂಗಿ ಟೈಲ್‌ಸ್ಕೇಲ್‌ನ 100ರಿಂದ ಶುರುವಾಗುವ ವಿಳಾಸದಿಂದಲೇ ಬರಲಿ, ಆಗಲೇ ಆ ಮಿತಿ ಅನ್ವಯ ಆಗುವುದು.

---

ಸಾಗರದವ

ಫಾಂಟ್ ಹಾಕಿದೆ, ಅಕ್ಷರ ಬಂತು. ‘ಕರ್ಣಪರ್ವ’ ಅಂತ ಟಿವಿ ಮೇಲೆ ಕಂಡಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದರು. ತುಂಡು ಅಳಿಸುವ ಆಯ್ಕೆ ಆನ್ ಮಾಡಿದ ಮೇಲೆ ಅದೇ 2004ರ ಆಟ ಮತ್ತೆ ಹಾಕಿ ಪೂರ್ತಿ ಓಡಿಸಿ ನೋಡಿದೆ, ಕಂಟೇನರಿನಲ್ಲಿ 19 ಜಿಬಿ ಖಾಲಿಯೇ ಇತ್ತು. ಬೆಳಗಿನ ಜಾವದ ಮಂಗಳ ಪದ್ಯದ ತನಕ ಬಂತು.

ಖಾಲಿ ಫೋಲ್ಡರಿಗೆ ಗುರುತು ಹಾಕಿದೆ. ಟೈಲ್‌ಸ್ಕೇಲ್ ಡೈರೆಕ್ಟ್ ಆಗಿದೆ, ತಂಗಿ ನಿನ್ನೆ ರಾತ್ರಿ ಅವಳ ಮದುವೆಯ ವಿಸಿಡಿ ನೋಡಿದಳು. ಇನ್ನೊಂದು 4 ಟಿಬಿ ಡಿಸ್ಕ್ ತಂದಿದ್ದೇನೆ, ಕಾಪಿ ಆಗುತ್ತಿದೆ, ಈಗ ನೂರಕ್ಕೆ 61. ಹಬ್ಬಕ್ಕೆ ಅವಳು ಬಂದಾಗ ಕೊಟ್ಟು ಕಳಿಸುತ್ತೇನೆ.

ವಿಸಿಡಿ ಚೀಲದಲ್ಲಿ ಏಳು ಯಾವ ಡ್ರೈವಿನಲ್ಲೂ ಓದುತ್ತಿಲ್ಲ. ಅದರಲ್ಲಿ ಒಂದು ಅಜ್ಜಿ ಇರುವುದು. ಹಳೇಟೇಪು ಮೇಡಂ, ನಿಮಗೆ ಆ ನಾಲ್ಕು ಸಿಕ್ಕಿದ್ದು ಹೊಸ ಡಿವಿಡಿ ರೈಟರಿನಲ್ಲಾ, ಹಳೇ ಸಿಡಿ ಡ್ರೈವಿನಲ್ಲಾ?